ಹದಿಮೂರು ವಾರದ ನೌಕರಿ

ಹಾಸನದಲ್ಲಿರುವ ನನ್ನ ತಾಯಿಗೆ ನನ್ನ ಕೆಲಸದ ಮೇಲೆ ಇರುವ ತಕರಾರು ಒಂದೇ: ಅದು ಪರ್ಮನೆಂಟ್ ಅಲ್ಲ. "ಅಷ್ಟು ಓದಿ, ಅಷ್ಟು ದೂರ ಹೋಗಿ, ಕೊನೆಗೆ ಹೊರಗುತ್ತಿಗೆಗೆ ಸೇರಿಕೊಂಡೆಯಲ್ಲೇ" ಎಂದು ಫೋನಿನಲ್ಲಿ ಆಗಾಗ ಹೇಳುತ್ತಾರೆ. ಅವರ ಮಾತಿನಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಹೊರಗುತ್ತಿಗೆಯವನೆಂದರೆ ಕಾಯಂ ನೌಕರನಷ್ಟೇ ದುಡಿದು, ಅವನಿಗಿಂತ ಎಷ್ಟೋ ಕಡಿಮೆ ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವವನು. ಅಮೆರಿಕದಲ್ಲಿ ನಾನು ಮಾಡುವ ಗುತ್ತಿಗೆ ಕೆಲಸದ ಲೆಕ್ಕ ತಿರುಗುಮುರುಗು. ಪಕ್ಕದ ಕುರ್ಚಿಯಲ್ಲಿ ಕೂತ ಕಾಯಂ ನೌಕರಳಿಗಿಂತ ನನಗೆ ಹೆಚ್ಚು ಹಣ ಬರುತ್ತದೆ. ಅದು ಅವಳಿಗೂ ಗೊತ್ತು. ಮೊದಲ ವಾರ ಅವಳು ಗುಡ್ ಮಾರ್ನಿಂಗ್ ಹೇಳುವ ರೀತಿಯಲ್ಲೇ ಅದು ತಿಳಿಯುತ್ತದೆ.

ನಾನು ಸಿ.ಟಿ. ಸ್ಕ್ಯಾನ್ ತಂತ್ರಜ್ಞೆ. ಸಿಬ್ಬಂದಿ ಸಾಲದ ಆಸ್ಪತ್ರೆಗಳಿಗೆ ಏಜೆನ್ಸಿಯ ಮೂಲಕ ಹೋಗಿ, ಸಾಮಾನ್ಯವಾಗಿ 13 ವಾರ ಕೆಲಸ ಮಾಡಿ, ಗಂಟುಮೂಟೆ ಕಟ್ಟಿಕೊಂಡು ಮುಂದಿನ ಊರಿಗೆ ಹೊರಡುತ್ತೇನೆ. ನಮ್ಮನ್ನು ಇಲ್ಲಿ ಟ್ರಾವೆಲರ್ ಎನ್ನುತ್ತಾರೆ. ನರ್ಸುಗಳಲ್ಲಿ ಇದು ಹಳೆಯ ಪದ್ಧತಿ. ಎಕ್ಸ್‌ರೇ, ಸಿ.ಟಿ., ಎಂಆರ್‌ಐ, ಅಲ್ಟ್ರಾಸೌಂಡ್ ಮಾಡುವವರಿಗೂ ಇಂಥದ್ದೇ ಮಾರುಕಟ್ಟೆ ಇದೆ ಎಂಬುದು ನಮ್ಮಲ್ಲಿ ಇಮೇಜಿಂಗ್ ಓದುತ್ತಿರುವ ಮಕ್ಕಳಿಗೂ ಅಷ್ಟಾಗಿ ಗೊತ್ತಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಇಮೇಜಿಂಗ್ ಬಿ.ಎಸ್ಸಿ. ಮುಗಿಸಿ ಅಲ್ಲೇ ಒಂದು ಆಸ್ಪತ್ರೆಯ ಸಿ.ಟಿ. ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೆ. ಮದುವೆಯಾಗಿ ನಾರ್ತ್ ಕ್ಯಾರೊಲಿನಾಕ್ಕೆ ಬಂದಾಗ ಗಂಡ ಆಗಲೇ ಇಲ್ಲಿನ ಪ್ರಜೆಯಾಗಿದ್ದುದರಿಂದ ಕೆಲಸದ ಅನುಮತಿಗೆ ಅಡ್ಡಿ ಇರಲಿಲ್ಲ. ಅಡ್ಡಿಯಾಗಿದ್ದು ಪದವಿ. ಇಲ್ಲಿ ತಂತ್ರಜ್ಞರನ್ನು ನೋಂದಾಯಿಸುವುದು 1922ರಿಂದ ನಡೆದುಬಂದಿರುವ ಎಆರ್‌ಆರ್‌ಟಿ ಎಂಬ ಸಂಸ್ಥೆ. ತಾನು ಮಾನ್ಯ ಮಾಡಿದ ಕೋರ್ಸಿನಲ್ಲಿ ಓದಿದವರನ್ನು ಮಾತ್ರ ಅದು ಪರೀಕ್ಷೆಗೆ ಕೂರಿಸುತ್ತದೆ. ಹಾಗಾಗಿ ಮಗಳನ್ನು ಶಾಲೆಗೆ ಬಿಟ್ಟು ನಾನು ಕಮ್ಯುನಿಟಿ ಕಾಲೇಜಿಗೆ ಹೋಗಿ, ಹದಿಹರೆಯದವರ ಜೊತೆ ಕೂತು, ಅಂಗೈ ಎಕ್ಸ್‌ರೇ ತೆಗೆಯುವುದು ಹೇಗೆ ಎಂಬಲ್ಲಿಂದ ಮತ್ತೆ ಕಲಿತೆ. ಎರಡು ವರ್ಷದ ಆ ಓದು ನನಗೆ ದಂಡವಾಯಿತೆಂದು ಈಗಲೂ ವಾದಿಸುತ್ತೇನೆ. ರೇಡಿಯಾಗ್ರಫಿ ಪರೀಕ್ಷೆ, ಆಮೇಲೆ ಸಿ.ಟಿ. ಪರೀಕ್ಷೆ, ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ಕಾಯಂ ಕೆಲಸ. ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೋದ ವರ್ಷ ಶುಲ್ಕದ ಪಟ್ಟಿ ನೋಡಿ ನಾನೂ ಗಂಡನೂ ಮುಖ ಮುಖ ನೋಡಿಕೊಂಡೆವು. ಆಗ ಏಜೆನ್ಸಿಗೆ ಫೋನ್ ಮಾಡಿದೆ.

ಕೆಲಸ ಸಿಗುವುದು ಸುಲಭ. ಕಾಗದಪತ್ರ ಮುಗಿಸುವುದೇ ಕಷ್ಟ. ಲೈಸೆನ್ಸ್ ಎಂಬುದು ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆ. ನಾನಿರುವ ನಾರ್ತ್ ಕ್ಯಾರೊಲಿನಾದಲ್ಲಿ ಕ್ಷೌರ ಮಾಡಲು ರಾಜ್ಯದ ಲೈಸೆನ್ಸ್ ಬೇಕು, ಜನರ ಮೇಲೆ ಎಕ್ಸ್‌ರೇ ಹಾಯಿಸಲು ಬೇಡ! ಆಸ್ಪತ್ರೆಗಳು ತಾವಾಗಿಯೇ ಎಆರ್‌ಆರ್‌ಟಿ ನೋಂದಣಿ ಕೇಳುವುದರಿಂದ ವ್ಯವಸ್ಥೆ ಹೇಗೋ ನಡೆಯುತ್ತಿದೆ. ಕ್ಯಾಲಿಫೋರ್ನಿಯಾ ಇದಕ್ಕೆ ತದ್ವಿರುದ್ಧ. ಅಲ್ಲಿ ರಾಜ್ಯದ ಪ್ರಮಾಣಪತ್ರದ ಜೊತೆಗೆ ಫ್ಲೋರೊಸ್ಕೊಪಿಗೆ (ಚಲಿಸುವ ಎಕ್ಸ್‌ರೇ ಚಿತ್ರ) ಪ್ರತ್ಯೇಕ ಪರ್ಮಿಟ್, ಸ್ಕ್ಯಾನಿನಲ್ಲಿ ರಕ್ತನಾಳಗಳು ಎದ್ದು ಕಾಣಲೆಂದು ಹಾಕುವ ಕಾಂಟ್ರಾಸ್ಟ್ ಎಂಬ ದ್ರವ ಕೊಡಲು ರಕ್ತನಾಳಕ್ಕೆ ಸೂಜಿ ಹಾಕುವುದಕ್ಕೆ ಇನ್ನೊಂದು ಪತ್ರ. ಟೆಕ್ಸಾಸ್ ಬೆರಳಚ್ಚು ಕೇಳುತ್ತದೆ. ದಿನವಿಡೀ ಕೈ ತೊಳೆದು, ಸ್ಯಾನಿಟೈಸರ್ ಉಜ್ಜಿ ಬೆರಳಿನ ಗೆರೆಗಳೇ ಸವೆದಿದ್ದರಿಂದ ನನ್ನ ಬೆರಳಚ್ಚನ್ನು ಯಂತ್ರ ಒಪ್ಪಲಿಲ್ಲ. ಅಲ್ಲಿದ್ದ ಹುಡುಗಿ ಒಂದು ಲೋಷನ್ ಡಬ್ಬಿ ಮುಂದಕ್ಕೆ ತಳ್ಳಿ, "ನರ್ಸುಗಳಿಗೂ ಹೀಗೇ ಆಗುತ್ತದೆ, ಹಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿರಿ" ಎಂದಳು.

ಆರೋಗ್ಯ ದಾಖಲೆಗಳಲ್ಲಿ ಭಾರತದಿಂದ ಬಂದವರಿಗೆ ಒಂದು ವಿಶೇಷ ಕಿರಿಕಿರಿ ಇದೆ. ಹುಟ್ಟಿದ ಕೂಡಲೇ ನಮಗೆಲ್ಲ ಬಿಸಿಜಿ ಚುಚ್ಚಿರುತ್ತಾರಲ್ಲ, ಎಡತೋಳಿನ ಆ ಕಲೆ ಇಲ್ಲಿನವರಿಗೆ ಅಪರಿಚಿತ. ಕ್ಷಯದ ಚರ್ಮದ ಪರೀಕ್ಷೆ ಮಾಡಿದರೆ ಬಿಸಿಜಿ ಹಾಕಿಸಿಕೊಂಡವರ ತೋಳು ರೋಗವಿಲ್ಲದೆಯೂ ಊದಿಕೊಳ್ಳಬಹುದು. ನನ್ನದು ಊದಿತು. ಆಮೇಲೆ ಎದೆಯ ಎಕ್ಸ್‌ರೇ. ದಿನಕ್ಕೆ ಹತ್ತಾರು ಜನರಿಗೆ "ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ" ಎನ್ನುವವಳು ನಾನೇ ಗೌನು ಹಾಕಿಕೊಂಡು ಉಸಿರು ಹಿಡಿದು ನಿಂತೆ. ಕ್ವಾಂಟಿಫೆರಾನ್ ಎಂಬ ರಕ್ತಪರೀಕ್ಷೆ ಇದೆ, ಅದಕ್ಕೆ ಬಿಸಿಜಿಯ ಬಾಧೆ ಇಲ್ಲ. ಮೊದಲೇ ಅದನ್ನೇ ಮಾಡಿ ಎಂದು ಕೇಳುವುದು ವಾಸಿ.

ಇನ್ನೊಂದು ಗಸಗಸೆಯ ವಿಷಯ. ಪ್ರತಿ ಒಪ್ಪಂದಕ್ಕೂ ಮೊದಲು ಮಾದಕ ದ್ರವ್ಯಕ್ಕಾಗಿ ಮೂತ್ರ ಪರೀಕ್ಷೆ ಇರುತ್ತದೆ. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳುವುದು ಇಲ್ಲಿನವರಿಗೂ ಗೊತ್ತಿರುವ ಸಂಗತಿಯೇ. ಇಲ್ಲಿನ ಕೇಂದ್ರ ಸರ್ಕಾರದ ನೌಕರಿಗಳ ಪರೀಕ್ಷೆಯಲ್ಲಿ ಈ ಕಾರಣಕ್ಕಾಗಿಯೇ 1998ರಲ್ಲಿ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಮಿನಿಂದ 2,000ಕ್ಕೆ ಏರಿಸಿದರು. ಆದರೆ ಖಾಸಗಿ ಆಸ್ಪತ್ರೆ ಯಾವ ಮಿತಿ ಇಟ್ಟುಕೊಂಡಿದೆ ಎಂಬುದು ನಮ್ಮ ಕೈಯಲ್ಲಿಲ್ಲ. ಅವರು ಬೇಗಲ್ ಬ್ರೆಡ್ಡಿನ ಮೇಲೆ ಉದುರಿಸುವ ಚಿಟಿಕೆ ಗಸಗಸೆಯೆಲ್ಲಿ, ಬಟ್ಟಲುಗಟ್ಟಲೆ ರುಬ್ಬಿ ಮಾಡುವ ನಮ್ಮ ಪಾಯಸವೆಲ್ಲಿ! ಒಪ್ಪಂದ ಕುದುರುವ ಸೂಚನೆ ಸಿಕ್ಕ ಕೂಡಲೇ ನಮ್ಮ ಮನೆಯಲ್ಲಿ ಗಸಗಸೆ ಪಾಯಸ ಬಂದ್. ಹಬ್ಬವಾದರೂ ಶಾವಿಗೆಯೇ.

ಇನ್ನು ಸಂದರ್ಶನ. ಏಜೆನ್ಸಿಯ ರಿಕ್ರೂಟರ್ ಆಸ್ಪತ್ರೆಗೆ ನಮ್ಮ ವಿವರ ಕಳಿಸುತ್ತಾನೆ, ಅಲ್ಲಿನ ಇಮೇಜಿಂಗ್ ಮ್ಯಾನೇಜರ್ ಫೋನ್ ಮಾಡುತ್ತಾರೆ. ಹತ್ತು ಹದಿನೈದು ನಿಮಿಷದ ಮಾತು. ಯಾವ ಕಂಪನಿಯ ಯಂತ್ರ ಗೊತ್ತು, ಹೃದಯದ ಸಿ.ಟಿ. ಮಾಡಿದ್ದೀರಾ, ರಾತ್ರಿ ಒಬ್ಬರೇ ಇರಬಲ್ಲಿರಾ ಎಂದೆಲ್ಲ ಅವರು ಕೇಳುತ್ತಾರೆ. ಹೆಚ್ಚಿನವರು ಉತ್ತರ ಕೊಟ್ಟು ಫೋನ್ ಇಡುತ್ತಾರೆ. ನಾನು ಮಾತ್ರ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ: ಈ ಜಾಗ ಏಕೆ ಖಾಲಿಯಾಗಿದೆ?

ಈ ವೃತ್ತಿಯಲ್ಲಿ ಸಂಬಳಕ್ಕಿಂತ, ಊರಿಗಿಂತ, ಯಂತ್ರಕ್ಕಿಂತ ಮುಖ್ಯವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಟ್ರಾವೆಲರನ್ನು ಕರೆಸುವ ಆಸ್ಪತ್ರೆಯಲ್ಲಿ ಏನೋ ಒಂದು ಕೊರತೆ ಇದ್ದೇ ಇರುತ್ತದೆ. ಅದು ಯಾವ ಬಗೆಯದು ಎಂದು ತಿಳಿದರೆ 13 ವಾರ ಹೇಗಿರುತ್ತವೆ ಎಂದು ಬಹುಮಟ್ಟಿಗೆ ಊಹಿಸಬಹುದು. ಹೆರಿಗೆ ರಜೆ ಎಂದರೆ ಒಳ್ಳೆಯದು, ಉಳಿದವರೆಲ್ಲ ಹಳಬರು, ಕೆಲಸ ಸುಸೂತ್ರ. ಹೊಸ ಯಂತ್ರ ಬಂತು, ಪಾಳಿ ಹೆಚ್ಚಾಯಿತು ಎಂದರೂ ಚಿಂತೆಯಿಲ್ಲ. ಊರು ದೂರ, ಯಾರೂ ಬರುವುದಿಲ್ಲ ಎಂದರೆ ಚಳಿಗೆ ಬಟ್ಟೆ ಕೊಳ್ಳಬೇಕು, ಅಷ್ಟೇ. ಆದರೆ ಪ್ರಶ್ನೆ ಕೇಳಿದ ಮೇಲೆ ಆ ಕಡೆ ಒಂದು ಕ್ಷಣ ಮಾತು ನಿಂತು, "ಕೆಲವರು ಬೇರೆ ಅವಕಾಶ ಹುಡುಕಿಕೊಂಡು ಹೋದರು" ಎಂಬ ಉತ್ತರ ಬಂದರೆ ನಾನು ಕಿವಿ ನಿಮಿರಿಸುತ್ತೇನೆ. ಅಂಥ ಒಂದು ಕಡೆ ಹೋಗಿ ನೋಡಿದ್ದೇನೆ. ಸಿ.ಟಿ. ವಿಭಾಗದ ಕಾಯಂ ಸಿಬ್ಬಂದಿಯಲ್ಲಿ ಉಳಿದಿದ್ದವಳು ಒಬ್ಬಳೇ. ಮಿಕ್ಕವರೆಲ್ಲ ನನ್ನ ಹಾಗೆ ಬಂದವರು. ಯಾವ ಪ್ರೊಟೊಕಾಲ್ (ಸ್ಕ್ಯಾನ್ ಮಾಡುವ ನಿಗದಿತ ಕ್ರಮ) ಏಕೆ ಹಾಗಿದೆ ಎಂದು ಕೇಳಿದರೆ ಹೇಳುವವರು ದಿಕ್ಕಿಲ್ಲ. ಹೋದವರು ಗೋಡೆಗೆ ಅಂಟಿಸಿದ ಹಳದಿ ಚೀಟಿಗಳೇ ನಮಗೆ ಗುರು, ಅವುಗಳಲ್ಲೂ ಎರಡು ಒಂದಕ್ಕೊಂದು ವಿರುದ್ಧ. ಒಪ್ಪಂದ ಮುಂದುವರಿಸುವಿರಾ ಎಂದು ಕೇಳಿದಾಗ ನಯವಾಗಿಯೇ ಬೇಡವೆಂದೆ.

ಹಣದ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಜಾಹೀರಾತಿನಲ್ಲಿ ವಾರಕ್ಕೆ 2,600 ಡಾಲರ್ ಎಂದಿರುತ್ತದೆ ಎಂದಿಟ್ಟುಕೊಳ್ಳಿ. ಇದರಲ್ಲಿ ನಿಜವಾದ ಸಂಬಳ ಗಂಟೆಗೆ 30 ಡಾಲರಿನಂತೆ 40 ಗಂಟೆಗೆ 1,200. ಉಳಿದ 1,400 ಮನೆ ಬಾಡಿಗೆ ಮತ್ತು ಊಟದ ಭತ್ಯೆ, ಅದಕ್ಕೆ ತೆರಿಗೆ ಇಲ್ಲ. ಯಾವ ಊರಿಗೆ ಎಷ್ಟು ಭತ್ಯೆ ಎಂಬುದಕ್ಕೆ ಕೇಂದ್ರ ಸರ್ಕಾರ ತನ್ನ ನೌಕರರಿಗಾಗಿ ನಿಗದಿ ಮಾಡಿದ ದರಪಟ್ಟಿಯನ್ನು ಏಜೆನ್ಸಿಗಳು ಅಳತೆಗೋಲಾಗಿ ಇಟ್ಟುಕೊಳ್ಳುತ್ತವೆ. ತೆರಿಗೆ ಇಲ್ಲದ ಈ ಹಣ ಸಿಗಬೇಕಾದರೆ ಖಾಯಂ ಮನೆಯೊಂದಿದ್ದು, ಅದರ ಖರ್ಚು ನಿಜವಾಗಿ ನಡೆಯುತ್ತಿರಬೇಕು. ಒಂದೇ ಜಾಗದಲ್ಲಿ ಒಂದು ವರ್ಷಕ್ಕೂ ಮೀರಿ ಇರುವ ಅಂದಾಜಿದ್ದರೆ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಅದು ತಾತ್ಕಾಲಿಕ ಕೆಲಸವೇ ಅಲ್ಲ. ಷಾರ್ಲಟ್‌ನಲ್ಲಿ ನಮ್ಮ ಮನೆಯ ಕಂತು ತಿಂಗಳು ತಿಂಗಳೂ ಹೋಗುತ್ತಿರುವುದರಿಂದ ನನಗೆ ತೊಂದರೆ ಇಲ್ಲ. ಇದ್ದ ಬಾಡಿಗೆ ಮನೆ ಬಿಟ್ಟು, ಸಾಮಾನನ್ನು ಗೋದಾಮಿಗೆ ಹಾಕಿ, ಅಣ್ಣನ ಮನೆಯ ವಿಳಾಸ ಕೊಟ್ಟು ಓಡಾಡುವ ಹುಡುಗರನ್ನು ಕಂಡಿದ್ದೇನೆ. ಲೆಕ್ಕ ತಪಾಸಣೆ ಬಂದ ದಿನ ಅವರು ಏನು ತೋರಿಸುತ್ತಾರೋ!

ಭತ್ಯೆ ದೊಡ್ಡದಾಗಿ ಸಂಬಳ ಚಿಕ್ಕದಾಗಿದ್ದರೆ ಇನ್ನೂ ಕೆಲವು ಗಂಟುಗಳಿವೆ. ಮುಂದೆ ಬರುವ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಲೆಕ್ಕವಾಗುವುದು ತೆರಿಗೆ ಬೀಳುವ ಸಂಬಳದ ಮೇಲೆ. ಓವರ್‌ಟೈಮ್ ಎಂದರೆ ಒಂದೂವರೆ ಪಟ್ಟು, ಆದರೆ ಯಾವುದರ ಒಂದೂವರೆ ಪಟ್ಟು? 30ರ ಮೇಲೆ ಲೆಕ್ಕ ಹಾಕಿದರೆ 45. ಎಲ್ಲ ಸೇರಿಸಿ ನನಗೆ ಮಾಮೂಲಿ ಗಂಟೆಗೆ ಬೀಳುವುದು 65. ಅಂದರೆ ದಣಿದ ಮೇಲೆ ಮಾಡುವ ನಲವತ್ತೊಂದನೆಯ ಗಂಟೆ ಅಗ್ಗ! ಪಶ್ಚಿಮದ ರಾಜ್ಯಗಳಿಗೆ ಸೇರಿದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ಇಂಥದ್ದೇ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕೆಲಸದ ಗಂಟೆ ಕಡಿಮೆಯಾದಂತೆ ಭತ್ಯೆಯನ್ನೂ ಕತ್ತರಿಸುತ್ತೀರಾದರೆ ಅದು ಸಂಬಳವೇ, ಓವರ್‌ಟೈಮ್ ಲೆಕ್ಕಕ್ಕೆ ಅದನ್ನೂ ಸೇರಿಸಿ ಎಂದಿತು. ನಾನಂತೂ ಕೋರ್ಟಿನವರೆಗೆ ಹೋಗುವುದಿಲ್ಲ. ಓವರ್‌ಟೈಮಿಗೆ ಗಂಟೆಗೆ ಇಂತಿಷ್ಟು ಎಂಬ ಅಂಕಿಯನ್ನು ಸಹಿಗೆ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳುತ್ತೇನೆ. ರೋಗಿಗಳಿಲ್ಲವೆಂದು ಪಾಳಿ ರದ್ದು ಮಾಡಿದರೆ ಆ ದಿನದ ಹಣ ಯಾರ ತಲೆಗೆ ಎಂಬುದನ್ನೂ ಅಷ್ಟೇ.

ವಾಸಕ್ಕೆ ಬಾಡಿಗೆ ಕೋಣೆ. ನಿವೃತ್ತರು ಮನೆಯ ನೆಲಮಾಳಿಗೆಯನ್ನು ನಮ್ಮಂಥವರಿಗೆ ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ. ವಿದ್ಯುತ್ ಕುಕ್ಕರ್, ಅಮ್ಮ ಕಳಿಸಿದ ಸಾರಿನ ಪುಡಿ, ಅಕ್ಕಿ ಕಾರಿನಲ್ಲೇ ಇರುತ್ತವೆ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಮೊದಲ ದಿನದ ಬಗ್ಗೆ ಹೇಳಬೇಕು. ಹೊಸದಾಗಿ ಸೇರಿದ ಕಾಯಂ ನೌಕರರಿಗೆ ಆರೆಂಟು ವಾರ ತರಬೇತಿ ಸಿಗಬಹುದು. ಟ್ರಾವೆಲರಿಗೆ ಒಂದೆರಡು ದಿನ, ಅದರಲ್ಲಿ ಅರ್ಧ ಹೊತ್ತು ಕಂಪ್ಯೂಟರಿನ ಪಾಸ್‌ವರ್ಡ್‌ಗಾಗಿ ಕಾಯುವುದರಲ್ಲೇ ಹೋಗುತ್ತದೆ. ಯಂತ್ರದ ಮೂಲ ಕೆಲಸ ಎಲ್ಲ ಕಡೆ ಒಂದೇ. ಕಾಂಟ್ರಾಸ್ಟ್ ರಕ್ತನಾಳದಲ್ಲಿ ಬೇಕಾದ ಜಾಗಕ್ಕೆ ಬಂತೇ ಎಂದು ಕಾದು ನೋಡಿ ಸ್ಕ್ಯಾನ್ ಶುರು ಮಾಡುವ ವಿದ್ಯೆಗೆ ಜಿಇ ಯಂತ್ರದಲ್ಲಿ ಸ್ಮಾರ್ಟ್‌ಪ್ರೆಪ್ ಎಂದೂ ಸೀಮೆನ್ಸ್‌ನಲ್ಲಿ ಕೇರ್‌ಬೋಲಸ್ ಎಂದೂ ಹಿಂದೆ ತೋಶಿಬಾ ಆಗಿದ್ದ ಕ್ಯಾನನ್‌ನಲ್ಲಿ ಶೂರ್‌ಸ್ಟಾರ್ಟ್ ಎಂದೂ ಹೆಸರು, ಅಷ್ಟೇ ವ್ಯತ್ಯಾಸ. ನಿಜವಾಗಿ ಬದಲಾಗುವುದು ಮನೆಮನೆಯ ಪದ್ಧತಿ. ಶ್ವಾಸಕೋಶದ ರಕ್ತ ಹೆಪ್ಪು ಹುಡುಕುವಾಗ ಒಂದು ಕಡೆ ತೋಳನ್ನು ಮೇಲೆತ್ತಿಸಿ ಉಸಿರು ಎಳೆದು ಹಿಡಿಯಿರಿ ಎನ್ನಬೇಕು, ಇನ್ನೊಂದು ಕಡೆಯ ರೇಡಿಯಾಲಜಿಸ್ಟ್ ಹಾಗೆ ಎಳೆದರೆ ಕಾಂಟ್ರಾಸ್ಟ್ ತೆಳುವಾಗುತ್ತದೆ, ಸಹಜವಾಗಿ ಉಸಿರಾಡುತ್ತಿರುವಾಗಲೇ ತೆಗೆಯಿರಿ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ಹಳೆಯ ಆಸ್ಪತ್ರೆಯಲ್ಲಿ ಹೀಗಿತ್ತು ಎಂಬ ವಾಕ್ಯವನ್ನು ಮಾತ್ರ ಬಾಯಿಗೆ ತಂದುಕೊಳ್ಳಬಾರದು. ಅದನ್ನು ಕೇಳಿ ಕೇಳಿ ಅವರ ಕಿವಿ ತೂತಾಗಿರುತ್ತದೆ.

ಊಟದ ಬಿಡುವಿನಲ್ಲಿ ನಾನು ಮಾಡುವ ಕೆಲಸ ಒಂದಿದೆ. ಸ್ಕ್ಯಾನ್ ಕೋಣೆ ಖಾಲಿಯಾದಾಗ ಕಾಂಟ್ರಾಸ್ಟನ್ನು ರಕ್ತನಾಳಕ್ಕೆ ತಳ್ಳುವ ಇಂಜೆಕ್ಟರ್ ಯಂತ್ರದ ಮುಂದೆ ನಿಂತು, ಸಿರಿಂಜ್ ಹಾಕಿ, ಗಾಳಿ ತೆಗೆದು, ಬರೀ ಸಲೈನನ್ನು ಒಂದು ಬಟ್ಟಲಿಗೆ ಬಿಟ್ಟು ನೋಡುತ್ತೇನೆ. ಕಾಂಟ್ರಾಸ್ಟ್ ಯಾವ ಪಕ್ಕ, ಸಲೈನ್ ಯಾವ ಪಕ್ಕ, ನಿಲ್ಲಿಸುವ ಗುಂಡಿ ಎಲ್ಲಿ. ಆಮೇಲೆ ಎಮರ್ಜೆನ್ಸಿ ಔಷಧದ ಗಾಡಿ ಎಲ್ಲಿದೆ ಎಂದು ನಾನೇ ನಡೆದು ಹೋಗಿ ಮುಟ್ಟಿ ಬರುತ್ತೇನೆ. ನೋಡಿದವರು ನಗುತ್ತಾರೆ.

ಈ ಅಭ್ಯಾಸದ ಬೆಲೆ ತಿಳಿದದ್ದು ಮೊಂಟಾನಾ ರಾಜ್ಯದ ಪೂರ್ವ ಭಾಗದಲ್ಲಿರುವ ಒಂದು ಚಿಕ್ಕ ಆಸ್ಪತ್ರೆಯಲ್ಲಿ. ಇಲ್ಲಿ ಹಳ್ಳಿಗಾಡಿನ ಆಸ್ಪತ್ರೆಗಳು ಮುಚ್ಚಿಹೋಗದಿರಲೆಂದು 1997ರ ಕಾನೂನಿನಲ್ಲಿ ಕ್ರಿಟಿಕಲ್ ಆ್ಯಕ್ಸೆಸ್ ಎಂಬ ವರ್ಗ ಮಾಡಿದ್ದಾರೆ. ಹೆಚ್ಚೆಂದರೆ 25 ಹಾಸಿಗೆ. ರಾತ್ರಿ ಒಬ್ಬ ವೈದ್ಯ, ಇಬ್ಬರು ನರ್ಸುಗಳು, ಎಕ್ಸ್‌ರೇಗೂ ಸಿ.ಟಿ.ಗೂ ಸೇರಿ ನಾನೊಬ್ಬಳು. ಚಿತ್ರ ಓದುವ ರೇಡಿಯಾಲಜಿಸ್ಟ್ ಬೇರೆ ಯಾವುದೋ ರಾಜ್ಯದಲ್ಲಿ ತನ್ನ ಮನೆಯಲ್ಲಿ ಕೂತಿರುತ್ತಾರೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಬಿಲ್ಲಿಂಗ್ಸ್ ನಗರ, ರಸ್ತೆಯಲ್ಲಿ ಎರಡು ಗಂಟೆಗೂ ಮೇಲೆ.

ಒಂದು ರಾತ್ರಿ ದನದ ರ್‍ಯಾಂಚ್ ನಡೆಸುವ ಮುದುಕರೊಬ್ಬರನ್ನು ಹೆಂಡತಿಯೇ ಪಿಕಪ್‌ನಲ್ಲಿ ಕರೆತಂದರು. ಬಲಗೈ ಜೋತುಬಿದ್ದಿತ್ತು, ಮಾತು ಹೊರಡುತ್ತಿರಲಿಲ್ಲ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದಕ್ಕೂ ಮೊದಲು ಮಿದುಳಿನಲ್ಲಿ ರಕ್ತಸ್ರಾವ ಇಲ್ಲವೆಂದು ಸಿ.ಟಿ. ಹೇಳಬೇಕು. ಬೂಟು ಬಿಚ್ಚುವ ಗೊಡವೆಗೂ ಹೋಗದೆ ಮೇಜಿನ ಮೇಲೆ ಮಲಗಿಸಿದೆವು. ಬೂಟಿನ ಮಣ್ಣು ಹಾಳೆಯ ಮೇಲೆಲ್ಲ ಉದುರಿತು. ತಲೆಯ ಎರಡೂ ಬದಿಗೆ ಸ್ಪಂಜು ಇಟ್ಟು, ಹಣೆಗೆ ಪಟ್ಟಿ ಬಿಗಿದು, ಮೊದಲು ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್. ಆಮೇಲೆ ಕುತ್ತಿಗೆ, ತಲೆಯ ರಕ್ತನಾಳಗಳಿಗೆ ಕಾಂಟ್ರಾಸ್ಟ್ ಹಾಕಿ ಇನ್ನೊಂದು. ದಪ್ಪ ಸೂಜಿ ಬೇಕು, ಸೆಕೆಂಡಿಗೆ ನಾಲ್ಕು ಮಿಲಿಲೀಟರಿನ ಮೇಲೆ ನುಗ್ಗುವ ದ್ರವವನ್ನು ಅದು ತಡೆದುಕೊಳ್ಳಬೇಕು. ನರ್ಸ್ ಮೊಣಕೈ ಮಡಿಕೆಯಲ್ಲಿ ಸೂಜಿ ಹಾಕಿದಳು, ನಾನು ಕೈಯಿಂದ ಸಲೈನ್ ತಳ್ಳಿ ಚರ್ಮದ ಮೇಲೆ ಬೆರಳಿಟ್ಟು ಊತ ಬರುತ್ತದೆಯೇ ನೋಡಿದೆ. ಇಂಜೆಕ್ಟರ್ ಮುಂದೆ ಒಂದು ಕ್ಷಣವೂ ತಡಕಾಡಲಿಲ್ಲ.

ಹೊರಗೆ ಬಂದಾಗ ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ನೀವು ನೋಡಿದಿರಲ್ಲ, ಏನಿದೆ?" ಎಂದರು. ನೋಡಿದ್ದೆ. ಎಡಗಡೆಯ ದೊಡ್ಡ ನಾಳವೊಂದು ಅರ್ಧದಲ್ಲೇ ನಿಂತುಹೋಗಿತ್ತು. ಆದರೆ ತಂತ್ರಜ್ಞರು ಫಲಿತಾಂಶ ಹೇಳುವಂತಿಲ್ಲ. ಮೈಸೂರಿನಲ್ಲೂ ಇದೇ ನಿಯಮ. ಅಲ್ಲಿ "ಡಾಕ್ಟರನ್ನು ಕೇಳಿ ಅಮ್ಮ" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಇಲ್ಲಿ "ಚಿತ್ರಗಳು ಸ್ಪಷ್ಟವಾಗಿ ಬಂದಿವೆ, ಡಾಕ್ಟರ್ ಈಗಲೇ ನೋಡುತ್ತಿದ್ದಾರೆ" ಎಂದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಔಷಧ ಕೊಟ್ಟು, ಹೆಲಿಕಾಪ್ಟರಿನಲ್ಲಿ ಬಿಲ್ಲಿಂಗ್ಸ್‌ಗೆ ಕಳಿಸಿದರು. ಮುಂದೇನಾಯಿತೆಂದು ತಿಳಿಯಲಿಲ್ಲ. ನಮಗೆ ತಿಳಿಯುವುದೇ ಅಪರೂಪ.

ಮಾರನೆಯ ದಿನದಿಂದ ಅಲ್ಲಿನ ಕಾಯಂ ಸಿಬ್ಬಂದಿ ನನ್ನೊಡನೆ ಮಾತನಾಡುವ ಧಾಟಿ ಬದಲಾಯಿತು. ಸಂಬಳದ ಕಹಿ ಪೂರ್ತಿ ಹೋಯಿತೆಂದಲ್ಲ. ಅವರಲ್ಲೊಬ್ಬಳು ಊಟದ ಹೊತ್ತಿನಲ್ಲಿ ನೇರವಾಗಿ ನನಗೆಷ್ಟು ಬರುತ್ತದೆಂದು ಕೇಳಿದಳು. ಹೇಳಿದೆ. ಮುಚ್ಚಿಡುವುದು ಸರಿಯಲ್ಲ ಎಂಬುದು ನನ್ನ ನಿಲುವು, ರಿಕ್ರೂಟರುಗಳಿಗೆ ಇದು ಇಷ್ಟವಿಲ್ಲ. ಅವಳು ಲೆಕ್ಕ ಹಾಕಿ, ತನಗಿರುವ ಆರೋಗ್ಯ ವಿಮೆ, ಸಂಬಳ ಸಹಿತ ರಜೆ, ಸಂಜೆ ಆರಕ್ಕೆ ಮಕ್ಕಳ ಜೊತೆ ಊಟ ಎಲ್ಲ ಸೇರಿಸಿ, "ನಿನಗಿಂತ ನಾನೇ ಮೇಲು" ಎಂದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ನನಗೆ ರಜೆಯೆಂದರೆ ಎರಡು ಒಪ್ಪಂದಗಳ ನಡುವಿನ ಸಂಬಳವಿಲ್ಲದ ವಾರಗಳು.

ಹೊರಡುವಾಗ ಒಂದು ಕೆಲಸವನ್ನು ಮರೆಯಬಾರದು: ನಮ್ಮ ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್. ಮೈಸೂರಿನಲ್ಲಿ ಮೂರು ತಿಂಗಳಿಗೊಮ್ಮೆ ಈ ಬ್ಯಾಡ್ಜ್ ಬದಲಾಗುತ್ತಿತ್ತು, ಲೆಕ್ಕವೆಲ್ಲ ಒಂದೇ ಕಡೆ ಇರುತ್ತಿತ್ತು. ಭಾರತದಲ್ಲಿ ನಮ್ಮಂಥವರಿಗೆ ಬೀಳಬಹುದಾದ ವಿಕಿರಣದ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣದ ಅಳತೆ), ಯಾವುದೇ ಒಂದು ವರ್ಷ 30ನ್ನು ಮೀರಬಾರದು. ಇಲ್ಲಿ ವರ್ಷದ ಮಿತಿ 50. ಸೀಸದ ಗಾಜಿನ ಹಿಂದೆ ಕೂರುವ ನಮಗೆ ಇದರ ಹತ್ತಿರಕ್ಕೂ ಬೀಳುವುದಿಲ್ಲ. ಆದರೆ ವರ್ಷದಲ್ಲಿ ಮೂರು ನಾಲ್ಕು ಆಸ್ಪತ್ರೆ ಬದಲಿಸುವವರಿಗೆ ಪ್ರತಿಯೊಂದೂ ತನ್ನದೇ ಬ್ಯಾಡ್ಜ್ ಕೊಡುತ್ತದೆ, ಎಲ್ಲವನ್ನೂ ಕೂಡಿಸಿ ನೋಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ. ಪ್ರತಿ ಆಸ್ಪತ್ರೆಯ ವರದಿಯನ್ನೂ ಬರೆದು ತರಿಸಿಕೊಂಡು, ಒಂದು ಕಡತದಲ್ಲಿಟ್ಟು ನಾನೇ ಕೂಡುತ್ತೇನೆ.

ಈಚೆಗೆ ಮೇನ್ ರಾಜ್ಯದ ಕರಾವಳಿಯ ಒಂದು ಆಸ್ಪತ್ರೆಯಿಂದ ಕರೆ ಬಂತು. ಜಾಗ ಏಕೆ ಖಾಲಿ ಎಂದು ಕೇಳಿದೆ. ಮ್ಯಾನೇಜರ್ ಸುತ್ತಿ ಬಳಸದೆ, "ರಾತ್ರಿ ಆನ್‌ಕಾಲ್ ವಿಪರೀತ. ಮನೆಗೆ ಹೋದವರನ್ನು ಮತ್ತೆ ಮತ್ತೆ ಕರೆಸುತ್ತೇವೆ, ಅದಕ್ಕೇ ಬಿಟ್ಟು ಹೋಗುತ್ತಾರೆ" ಎಂದರು. ಇಷ್ಟು ನೇರವಾಗಿ ಹೇಳುವವರ ಕೈಕೆಳಗೆ ಕೆಲಸ ಮಾಡಬಹುದು ಎನಿಸಿತು. ವಾರಕ್ಕೆ ಎಷ್ಟು ರಾತ್ರಿ, ಕರೆದರೆ ಕನಿಷ್ಠ ಎಷ್ಟು ಗಂಟೆಯ ಸಂಬಳ, ರಾತ್ರಿ ದುಡಿದ ಮರುದಿನ ಬೆಳಗಿನ ಪಾಳಿಗೆ ಎಷ್ಟು ಹೊತ್ತಿನ ಬಿಡುವು ಎಂಬ ಮೂರನ್ನೂ ಒಪ್ಪಂದಕ್ಕೆ ಸೇರಿಸಿ ಕಳಿಸಿ ಎಂದು ರಿಕ್ರೂಟರಿಗೆ ಹೇಳಿದೆ. ಎರಡಕ್ಕೆ ಒಪ್ಪಿದ್ದಾರೆ. ಮೂರನೆಯದಕ್ಕೆ ಚೌಕಾಸಿ ನಡೆಯುತ್ತಿದೆ.